ದಿನಕ್ಕೆ ಒಂದು ಲೀಟರ್ ಎಕ್ಸೀಡ್ ಆಗದಂತೆ

ಮೂವತ್ತು ವರ್ಷ ಕುರುಗೋಡಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ನಾನು 'ಎಕ್ಸೀಡ್' ಅನ್ನೋ ಕ್ರಿಯಾಪದವನ್ನು ಬಹಳ ಹಗುರವಾಗಿ ಕಲಿಸಿಬಿಟ್ಟೆ ಅಂತ ಈಗೀಗ ಅನ್ನಿಸುತ್ತಿದೆ. ಅರ್ಥವೇನೂ ತಪ್ಪು ಹೇಳಲಿಲ್ಲ. ಮೀರು, ದಾಟು, ಅಷ್ಟೇ. ತುಂಬಿ ಚೆಲ್ಲುವ ಕೊಡವೊಂದನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ನನ್ನ ಕೈಯಲ್ಲಿ ಅದು ಕುಂಬಳಕಾಯಿಯಾಗುತ್ತಿತ್ತು, ಮಕ್ಕಳು ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಗದೆ ಇನ್ನೇನು ಮಾಡುವುದು ಹೇಳಿ. ಬಳ್ಳಾರಿಯಲ್ಲಿ ಮಿತಿಯೊಳಗೆ ಇರುವುದಾದರೂ ಯಾವುದು? ಬಿಸಿಲೋ, ಮಿರ್ಚಿಯ ಖಾರವೋ, ಮದುವೆ ಊಟದಲ್ಲಿ ಬಡಿಸುವವರ ಕೈಯೋ? ನನ್ನನ್ನೇ ನೋಡಿ. ಐದು ನಿಮಿಷ ಮಾತಾಡಿ ಅಂತ ಮೈಕು ಕೊಟ್ಟರೆ ಮುಕ್ಕಾಲು ಗಂಟೆ ಬಿಡುವ ಆಸಾಮಿ ನಾನು. ಈ ಪದದ ಲ್ಯಾಟಿನ್ ಬೇರಿಗೆ 'ಹೊರಗೆ ಹೋಗು' ಎಂಬ ಅರ್ಥವಿದೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿ ಜಂಬ ಬೇರೆ ಕೊಚ್ಚುತ್ತಿದ್ದೆ. ಬದುಕಿನಿಂದ ಹೊರಗೆ ಹೋಗುವುದಕ್ಕೂ ಆ ಹಳೆಯ ಕಾಲದವರು ಅದನ್ನೇ ಬಳಸುತ್ತಿದ್ದರಂತೆ. ಇದನ್ನು ಮಾತ್ರ ಈಗ ಯಾರ ಮುಂದೆಯೂ ಹೇಳುವುದಿಲ್ಲ.

ಯಾಕೆಂದರೆ ನನ್ನಣ್ಣ. ಸಿರುಗುಪ್ಪದ ಕಡೆ ಕಾಲುವೆಯ ಮೇಲೆ ನೀರುಗಂಟಿಯಾಗಿದ್ದವನು. ತೂಬು ಎತ್ತಿ, ತೂಬು ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಪಾಳಿ ಹಚ್ಚಿಯೇ ಮುದುಕನಾದವನು. ಈಗ ಎರಡೂ ಕಿಡ್ನಿ ಕೈಕೊಟ್ಟಿವೆ, ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ವಾರಕ್ಕೆರಡು ಸಲ ಬಳ್ಳಾರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು, ಕಂಟೋನ್ಮೆಂಟಿನ ನನ್ನ ಮನೆಯಲ್ಲಿ ಸುಧಾರಿಸಿಕೊಂಡು ಹೋಗುತ್ತಾನೆ. ಮೊದಲ ದಿನ ಡಾಕ್ಟರು ಕೊಟ್ಟ ಚೀಟಿಯನ್ನು ನಾನು ಪಾಠದ ದನಿಯಲ್ಲೇ ಗಟ್ಟಿಯಾಗಿ ಓದಿದೆ. ಅದರಲ್ಲಿ ಕೂತಿತ್ತು ನೋಡಿ, ನನ್ನ ಎಕ್ಸೀಡ್.

"ಅಂದ್ರ ಏನಲೇ ತಮ್ಮಾ?" ಅಂದ ಅಣ್ಣ.

"ದಿನಕ್ಕ ಒಂದು ಲೀಟರ್ ಮೀರಬಾರದಂತಣ್ಣ. ಚಾ, ಮಜ್ಜಿಗಿ, ಸಾರು, ಗುಳಿಗಿ ನುಂಗೋ ನೀರು, ಎಲ್ಲಾ ಸೇರಿ."

ಅಣ್ಣ ನಕ್ಕ. "ಊರಿಗೆಲ್ಲಾ ಪಾಳಿ ಹಚ್ಚಿದೆ. ಈಗ ನನಗ ಹಚ್ಯಾರ, ಬಿಡು."

ಅವನ ನೀರುಗಂಟಿ ನಾನಾದೆ. ಬಾಟಲಿಗೆ ಗೆರೆ ಎಳೆದು ಕಾವಲು ಕೂತೆ. ಏಪ್ರಿಲ್ ತಿಂಗಳು, ಬಳ್ಳಾರಿ, ಒಂದು ಲೀಟರ್! ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕದ್ದು ಕಲ್ಲಂಗಡಿ ತಿನ್ನುತ್ತಿದ್ದ. "ಇದು ನೀರಲ್ಲಲೇ, ಹಣ್ಣು" ಅಂದ. ನನ್ನನ್ನು ಹೆಗಲ ಮೇಲೆ ಹೊತ್ತು ಕಾಲುವೆ ದಾಟಿಸಿದವನ ಕೈಯಿಂದ ತಟ್ಟೆ ಕಿತ್ತುಕೊಂಡೆ. ಅವನ ಗಲ್ಲದ ಮೇಲೆ ಕೆಂಪು ರಸ ಇಳಿಯುತ್ತಿತ್ತು. ಥೂ, ಎಂಥ ಬಾಳು ಅನ್ನಿಸಿತು.

ಕಲ್ಲಂಗಡಿ ಕಿತ್ತುಕೊಂಡ ಶೂರ ಕುರುಗೋಡಿನಲ್ಲಿ ಏನು ಮಾಡಿದೆ ಕೇಳಿ. ಅಲ್ಲಿಗೆ ಅಣ್ಣನ ಮಗಳನ್ನು ಕೊಟ್ಟು ಇನ್ನೂ ವರ್ಷವಾಗಿಲ್ಲ. ಜಡ್ಡಿನ ವಿಷಯ ಬೀಗರಿಗೆ ತಿಳಿಯಕೂಡದು ಅಂತ ಅಣ್ಣ ನಮಗೆಲ್ಲ ತಾಕೀತು ಮಾಡಿದ್ದ. ನಮ್ಮ ಕಡೆ ಮನೆಗೆ ಬಂದವರ ಕೈಗೆ ಮೊದಲು ನೀರು ಕೊಡುತ್ತಾರೆ. ಬೇಡ ಅಂದರೆ ಆ ಮನೆಯನ್ನೇ ಬೇಡ ಅಂದಂತೆ. ಅಣ್ಣನೂ ನಾನೂ ಹೋಗಿ ಕೂತ ಕೂಡಲೇ ಬೀಗತಿ ಕಂಚಿನ ಚೊಂಬು ತಂದರು. ಅಣ್ಣ ಮುಟ್ಟಲಿಲ್ಲ.

"ಯಾಕ್ರಿ ಬೀಗರ, ನಮ್ಮನಿ ನೀರು ಆಗಿ ಬರಂಗಿಲ್ಲೇನ್ರಿ?"

ನಗುತ್ತಲೇ ಕೇಳಿದರು, ಆದರೆ ಬಾಗಿಲಲ್ಲಿ ನಿಂತ ಮಗಳ ಮುಖ ಬಿಳಿಚಿತು. ಅಣ್ಣ ಗಟಗಟ ಕುಡಿದ. ಬೀಗತಿ ಖುಷಿಯಿಂದ ಇನ್ನೊಂದು ಚೊಂಬು ತುಂಬಿಸಿದರು. ಅದನ್ನೂ ಕುಡಿದ. ಆ ದಿನದ ಪಾಲು ಬೆಳಿಗ್ಗೆಯೇ ಮುಗಿದದ್ದು ನನಗೆ ಗೊತ್ತಿತ್ತು. ಮುಕ್ಕಾಲು ಗಂಟೆ ಭಾಷಣ ಬಿಡುವ ನನ್ನ ಬಾಯಿಂದ ಒಂದು ಮಾತು ಹೊರಡಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅಣ್ಣನಿಗೆ ಉಸಿರು ಸಿಗದಾಯಿತು. ಒರಗಲಾರದೆ, ಮುಂದಿನ ಸೀಟು ಹಿಡಿದು ಏದುತ್ತಿದ್ದ. ಬಳ್ಳಾರಿ ಮುಟ್ಟಿದ ಮೇಲೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿ ಉಳಿಸಿಕೊಂಡರು. "ಎಕ್ಸೀಡ್ ಆಗಾಕ ಹೆಂಗ ಬಿಟ್ರಿ ಮೇಷ್ಟ್ರ?" ಅಂತ ಡಾಕ್ಟರು ನನ್ನನ್ನು ಬೈದರು. ಇನ್ನೆಷ್ಟು ದಿನ ಹೀಗೆ ಅಂತ ಕೇಳಿದೆ. ಇರೋತನಕ, ಅಂದರು. ಅವತ್ತಿನಿಂದ ನನಗೆ ಯಾವುದರ ಮೇಲೂ ಭರವಸೆ ಉಳಿದಿಲ್ಲ. ಗೆರೆ ಎಳೆದ ಆ ಬಾಟಲಿ ಕಂಡರೆ ಒಡೆದುಹಾಕಬೇಕು ಅನ್ನಿಸುತ್ತದೆ. ಅವನು ಬಂದ ದಿನ ಮತ್ತೆ ನಾನೇ ತುಂಬಿಸುತ್ತೇನೆ, ಗೆರೆಯವರೆಗೆ.

ಹೋದ ವಾರ ಸಿರುಗುಪ್ಪಕ್ಕೆ, ಅಣ್ಣನ ಮನೆಗೆ ಹೋಗಿದ್ದೆ. ಅತ್ತಿಗೆ ರೂಢಿಯಂತೆ ನನಗೆ ಚೊಂಬು ತುಂಬ ನೀರು ತಂದರು. ಗಂಡನನ್ನು ಕಂಡು ಹೊಸ್ತಿಲಲ್ಲೇ ನಿಂತರು.

"ಬ್ಯಾಡ್ರಿ ಅತ್ತಿಗಿ, ಬಾಯಾರಿಕಿ ಇಲ್ಲ" ಅಂದೆ.

ಅಣ್ಣ ಎದ್ದು ಕೂತ. "ಯಾಕಲೇ, ನನ್ನ ಮನಿ ನೀರು ಒಲ್ಲೆ ಅಂತೀಯೇನು?"

ಈಸಿಕೊಂಡು ಕುಡಿದೆ. ಅಣ್ಣ ನನ್ನ ಗಂಟಲನ್ನೇ ನೋಡುತ್ತಿದ್ದ. ನಾನು ಗುಟುಕರಿಸಿದಾಗಲೆಲ್ಲ ಅವನ ಗಂಟಲೂ ಏರಿ ಇಳಿಯುತ್ತಿತ್ತು.

"ತಣ್ಣಗ ಅದಾವೇನು?"

"ಭಾಳ ತಣ್ಣಗ ಅದಾವಣ್ಣ."

"ಅವಗ ಇನ್ನೊಂದು ಚೊಂಬು ಕೊಡು" ಅಂದ ಅತ್ತಿಗೆಗೆ.

ಹೊಟ್ಟೆ ಬಿರಿಯುತ್ತಿತ್ತು. ಅದನ್ನೂ ಕುಡಿದೆ, ನಿಧಾನವಾಗಿ, ಅವನಿಗೆ ಕಾಣುವ ಹಾಗೆ.