ಕೊಲಂಬೊದ ಬಾಗಿಲು

ಕೊಪ್ಪದ ಮೊದಲ ಕಾದಂಬರಿಕಾರ ಚಲುವರಾಜುವಿನ ಕಾದಂಬರಿ ಇನ್ನೂ ಅಚ್ಚಾಗಿಲ್ಲ. ಆದರೆ ಅದನ್ನು ಕೇಳದ ಕಿವಿ ಮದ್ದೂರು ಸೀಮೆಯಲ್ಲೇ ಇಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚೆ, ಕಾಣೆಯಾದ ಅಪ್ಪನನ್ನು ಹುಡುಕಿಕೊಂಡು ಕೊಲಂಬೊಗೆ ಹೋಗಿ ಬಂದಾಗಿನಿಂದ, ಯಾರ ಆಲೆಮನೆಯಲ್ಲಿ ಬೆಲ್ಲ ಕಾಯಲಿ, ಹಾಳೆಗಳನ್ನು ಕಂಕುಳಲ್ಲಿಟ್ಟುಕೊಂಡು ಹಾಜರು. ಓದುತ್ತಾ ಬಿರುಗಾಳಿಗೆ ತಾನೇ ತೂರಾಡುತ್ತಾನೆ, ಗಾಣದ ಎತ್ತುಗಳು ಬೆಚ್ಚುವಂತೆ ಕಡಲಾಗಿ ಮೊರೆಯುತ್ತಾನೆ. ನಾಯಕ ಅಪ್ಪನ ಮನೆಯ ಕದ ತಟ್ಟಿ, ಒಬ್ಬ ಹುಡುಗಿ ಬಂದು ಬಾಗಿಲು ತೆರೆದಳೋ, ಅಲ್ಲಿಗೆ ನಿಲ್ಲಿಸಿ, "ಮುಂದಿಂದು ಇನ್ನೂ ಪಾಕ ಬಂದಿಲ್ಲ" ಎನ್ನುತ್ತಾನೆ. ಅವ್ವ ಹೊಂಬಾಳಮ್ಮನ ಮುಖ ಮಾತ್ರ ನೋಡುವುದಿಲ್ಲ. ಈ ಸಲ ತಮ್ಮದೇ ಆಲೆಮನೆಯಲ್ಲಿ, ಮೊದಲ ಪಾಕದ ಬೆಲ್ಲವನ್ನು ಮನೆಮಕ್ಕಳಿಗೆ ತಲೆಗೊಂದರಂತೆ ಹಂಚುವ ಹೊತ್ತಿಗೆ, ಹೊಂಬಾಳಮ್ಮ ಒಬ್ಬನೇ ಮಗನ ಕೈಗೆ ಎರಡು ಅಚ್ಚು ಇಟ್ಟಳು. "ಒಂದು ನಿಂಗೆ. ಇನ್ನೊಂದು ಆ ಬಾಗ್ಲು ತೆಗ್ದೋಳ್ಗೆ, ನಿನ್ ತಂಗಿಗೆ ಕಣ್ಲಾ. ಈಗ ಮುಂದ್ಕೆ ಓದು."