ಹಗುರಣ್ಣನ ಗಾಳದ ಕೋಲು

ಅವನ ಕೈಗೆ ತಲೆ ಕೊಟ್ಟವರು ನಿದ್ದೆ ಹೋಗದೆ ಎದ್ದುಬಂದದ್ದಿಲ್ಲ. ಅಷ್ಟು ಹಗುರವಾದ ಕೈ. ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವರು ಕತ್ತರಿಯ ಸದ್ದು ಕೇಳುತ್ತ ಕೇಳುತ್ತಲೇ ತೂಕಡಿಸುತ್ತಿದ್ದರು, ಕೊನೆಗೆ ಅವನೇ ಭುಜ ತಟ್ಟಿ ಎಬ್ಬಿಸಬೇಕಾಗುತ್ತಿತ್ತು. ಹೀಗಾಗಿ ಬೀದಿಗೆಲ್ಲ ಅವನು ಹಗುರಣ್ಣ. ಸ್ವಂತ ಹೆಸರು ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಉಳಿದಿತ್ತು, ಅದನ್ನೂ ಬಿಸಿಲು ತಿಂದುಹಾಕಿತ್ತು. ಪಕ್ಕದ ಮಳಿಗೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಅವನ ಹೆಂಡತಿಯ ಕಥೆಯೂ ಅದೇ, ಅವಳು ಟೈಲರಮ್ಮ. ಇಬ್ಬರ ನಡುವೆ ಒಂದು ಗೋಡೆ. ಆಚೆಯ ಕತ್ತರಿ ಕೂದಲಿಗೆ, ಈಚೆಯದು ಬಟ್ಟೆಗೆ. ಅವನು ಆ ಕಡೆಯಿಂದ ಶಿಳ್ಳೆ ಹಾಕಿದರೆ ಇವಳು ಯಂತ್ರ ನಿಲ್ಲಿಸಿ ಚಹಾಕ್ಕಿಡುವಳು.

ರಜೆ ಬಂತೆಂದರೆ ಹಗುರಣ್ಣ ಕೆರೆಯ ದಂಡೆಯಲ್ಲಿ. ಮೀನು ಹಿಡಿಯುವುದೇನೋ ಸರಿ, ಹಿಡಿದದ್ದನ್ನು ಮತ್ತೆ ನೀರಿಗೇ ಬಿಟ್ಟು ಬರುವ ಆಸಾಮಿ.

"ಬಿಡೋದಾದ್ರೆ ಹಿಡಿಯೋದ್ಯಾಕ್ರೀ?" ಎಂದು ಟೈಲರಮ್ಮ ಕೇಳುವಳು.

"ಮತ್ತೆ ಬೆಳೆಯೋ ಕೂದಲನ್ನ ಕತ್ತರಿಸೋದ್ಯಾಕೆ?" ಎಂದು ಅವನು ಹೇಳುವನು. ಇಂಥ ಮನುಷ್ಯನ ಜೊತೆ ವಾದ ಮಾಡಿ ಗೆದ್ದವರುಂಟೆ?

ಹೀಗೆ ನಡೆಯುತ್ತಿದ್ದ ಸಂಸಾರದಲ್ಲಿ ಒಂದು ದಿನ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ಕಾಲು ಎಳೆದುಕೊಂಡಾದರೂ ನಡೆಯಿತು, ಎಡಗೈ ಮಾತ್ರ ಹೆಗಲಿನಿಂದ ಜೋತುಬಿತ್ತು. ಎಡಗೈಯಲ್ಲಿ ಬಾಚಣಿಗೆ ಇಲ್ಲದೆ ಬಲಗೈಯ ಕತ್ತರಿ ಒಂದೇ ಏನು ಮಾಡೀತು? ಕಟಿಂಗ್ ಶಾಪು ಬಾಗಿಲು ಹಾಕಿತು. ಅದಕ್ಕಿಂತ ಭದ್ರವಾಗಿ ಅವನು ಬಾಗಿಲು ಹಾಕಿಕೊಂಡ. ಯಾರೂ ಮುಟ್ಟಬಾರದು, ಯಾರೂ ನೆರವಿಗೆ ಬರಬಾರದು. ಬೆಳಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳಲು ಒಂದೇ ಕೈಯಲ್ಲಿ ಹೆಣಗುವನು, ಹಣೆಯಿಂದ ಬೆವರು ಇಳಿಯುವುದು. ಊರಿಗೆಲ್ಲ ಗುಂಡಿ ಹೊಲಿದುಕೊಟ್ಟ ಹೆಂಡತಿ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿರಬೇಕು. ಒಂದು ಸಲ ತಡೆಯಲಾರದೆ ಅವಳು ಕೈಚಾಚಿದಳು.

"ನಾನಿನ್ನೂ ಸತ್ತಿಲ್ಲ" ಎಂದ.

ಅಂದಿನಿಂದ ಅವಳು ಕೈಚಾಚಲಿಲ್ಲ. ಸಿಟ್ಟು ಬರುತ್ತಿತ್ತು, ಬಾರದೆ ಏನು? ಆದರೆ ಒಳಗೆ ಹೋಗಿ ಪಾತ್ರೆ ಕುಕ್ಕುವಷ್ಟರಲ್ಲಿ ಆ ಸಿಟ್ಟೆಲ್ಲ ಸಂಕಟವಾಗಿಬಿಡುತ್ತಿತ್ತು.

ಸುಮ್ಮನೆ ಕೂತು ಕೂತು ಬೇಸರ ಹತ್ತಿದಾಗ ಹಗುರಣ್ಣ ಒಂದು ಕೆಲಸ ಹುಡುಕಿಕೊಂಡ. ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಶೇವಿಂಗ್ ಬ್ರಷ್ಷುಗಳನ್ನು ತಂದು ಬಿಚ್ಚಿದ. ಅಡುಗೆಮನೆಯ ಮೇಜಿಗೆ ಒಂದು ಪುಟ್ಟ ಇಕ್ಕಳವನ್ನು ತಿರುಪಿ ಕೂರಿಸಿ, ಅದರ ಬಾಯಿಗೆ ಗಾಳದ ಸಣ್ಣ ಕೊಕ್ಕೆ ಕಚ್ಚಿಸಿ, ಬ್ರಷ್ಷಿನ ಕೂದಲನ್ನು ಅದರ ಸುತ್ತ ದಾರದಿಂದ ಕಟ್ಟತೊಡಗಿದ. ದಾರದ ಒಂದು ತುದಿ ಬಲಗೈಯಲ್ಲಿ, ಇನ್ನೊಂದು ಹಲ್ಲಿನಲ್ಲಿ. ಮೀನಿಗೆ ಹುಳದಂತೆ ಕಂಡು ಮೋಸ ಮಾಡುವ ಹುಸಿಹುಳಗಳು. ಒಂದೊಂದರ ತೂಕ ಅಂಗಿಯ ಒಂದು ಗುಂಡಿಯಷ್ಟು ಇದ್ದರೆ ಹೆಚ್ಚು. ಅವನು ಏನನ್ನೂ ಕೇಳುವವನಲ್ಲ ಎಂದು ಗೊತ್ತಿದ್ದ ಟೈಲರಮ್ಮ ಕೆಂಪು, ಹಸಿರು ದಾರದ ತುಂಡುಗಳನ್ನು ಮೇಜಿನ ಮೇಲೆ ಮರೆತು ಹೋಗುವಳು. ಸಂಜೆಗೆ ನೋಡಿದರೆ ಆ ಬಣ್ಣಗಳೆಲ್ಲ ಹುಳಗಳ ಕೊರಳಲ್ಲಿ.

ಒಂದು ಬೆಳಗ್ಗೆ ಹುಳದ ಡಬ್ಬಿ ಜೇಬಿಗಿಳಿಸಿ, ತನ್ನ ಹಳೆಯ ಉದ್ದನೆಯ ಗಾಳದ ರಾಡು ಎಳೆದುಕೊಂಡು ಕೆರೆಗೆ ಹೋದ. ಅವಳು ಹಿಂದೆ ಹಿಂದೆ. ಎರಡು ಕೈಗೆಂದು ಮಾಡಿದ ಆ ಗಟ್ಟಿ ರಾಡನ್ನು ಅವನು ಒಂದೇ ಕೈಯಲ್ಲಿ ಬೀಸಿದ. ಹುಳ ಅವನ ಕಾಲ ಬುಡದಲ್ಲೇ ಬಿತ್ತು. ಮತ್ತೆ ಬೀಸಿದ, ಮತ್ತೆ ಅಲ್ಲೇ. ದಂಡೆಯ ಮೇಲೆ ಕೂತಿದ್ದ ಒಬ್ಬ ಮುದುಕ "ಪಾಪ" ಎಂದ. ಮೆಲ್ಲಗೇ ಅಂದದ್ದು, ಆದರೆ ನೀರಿನ ಹತ್ತಿರ ಎಲ್ಲ ಮಾತೂ ಕೇಳಿಸುತ್ತದೆ.

ಮನೆಗೆ ಬಂದವನೇ ಇಕ್ಕಳ ಬಿಚ್ಚಿಟ್ಟ. "ಇನ್ನು ಕೆರೆ ಸುದ್ದಿ ಎತ್ತಬೇಡ" ಎಂದ. ಅಲ್ಲಿಂದಾಚೆ ಅವನ ಲೋಕವೆಂದರೆ ಹಾಸಿಗೆಯಿಂದ ಕಿಟಕಿ, ಕಿಟಕಿಯಿಂದ ಹಾಸಿಗೆ. ಆ ಹುಳ ಒಂದು ಸಲವಾದರೂ ದೂರ ಹಾರಿ ನೀರಿಗೆ ಬೀಳದಿದ್ದರೆ ತನ್ನ ಗಂಡ ಆ ಕಿಟಕಿಯಲ್ಲೇ ಕೂತು ಮುಗಿದುಹೋಗುತ್ತಾನೆ ಎಂದು ಟೈಲರಮ್ಮನಿಗೆ ಅನ್ನಿಸಿತು. ಅವನ ಡಬ್ಬಿಯಿಂದ ಒಂದು ಹುಳ ತೆಗೆದು ಹತ್ತಿಯಲ್ಲಿ ಸುತ್ತಿಕೊಂಡು ಗಾಳದ ಸಾಮಾನಿನ ಅಂಗಡಿಗೆ ನಡೆದಳು.

ಅಂಗಡಿಯಾತ ಕಪಾಟುಗಳ ನಡುವೆ ಅಡ್ಡಡ್ಡವಾಗಿ ನಡೆಯಬೇಕಾದಷ್ಟು ದಪ್ಪಗಿದ್ದ. ಗೋಡೆಗೆ ಒರಗಿಸಿದ ರಾಡುಗಳು ಒಂದೆರಡಲ್ಲ. ಅವಳು ಹುಳವನ್ನು ಕೌಂಟರಿನ ಗಾಜಿನ ಮೇಲಿಟ್ಟಳು.

"ಇದನ್ನ ದೂರ ಎಸೆಯೋ ರಾಡು ಬೇಕಪ್ಪ."

"ಅಕ್ಕಾ, ಉಫ್ ಅಂದ್ರೆ ಹಾರಿಹೋಗುತ್ತೆ ಇದು!" ಎಂದು ಅವನು ನಕ್ಕ. "ಇಷ್ಟು ಹಗುರದ್ದಕ್ಕೆ ಸ್ಪಿನ್ನಿಂಗ್ ರಾಡೇ ಸರಿ. ನೋಡಿ, ದಾರ ಸುತ್ತೋ ರೀಲು ಕೆಳಗಡೆ ನೇತಾಡ್ತಿರುತ್ತೆ. ಒಂದು ಕೈಲಿ ರಾಡು ಹಿಡ್ಕೊಂಡು, ಇನ್ನೊಂದು ಕೈಲಿ ಈ ತಂತಿ ತೆಗೆದು..."

"ಇನ್ನೊಂದು ಕೈ ಇಲ್ದಿದ್ರೆ?"

ಅವನು ಅವಳ ಎರಡೂ ಕೈ ನೋಡಿದ. ಟೈಲರಮ್ಮ ಯಾವಾಗಲೂ ಕೊರಳಲ್ಲಿರುತ್ತಿದ್ದ ಅಳತೆ ಟೇಪು ತೆಗೆದು, ತನ್ನ ಎಡಗೈಯನ್ನು ಮೈಗೆ ಒತ್ತಿಕೊಂಡು, ಅದರ ಮೇಲಿಂದ ಸೊಂಟದ ಸುತ್ತ ಬಿಗಿಯಾಗಿ ಸುತ್ತಿ ತುದಿ ಸಿಕ್ಕಿಸಿದಳು.

"ಈಗ ತೋರ್ಸು."

ಅಂಗಡಿಯಾತನ ನಗು ನಿಂತಿತು. "ಯಜಮಾನ್ರಿಗಾ?" ಎಂದು ಕೇಳಿದ. ಅವಳು ಹೂಂ ಎಂದಳು. ಅವನು ಸ್ಪಿನ್ನಿಂಗ್ ರಾಡನ್ನು ಗೋಡೆಗೆ ಒರಗಿಸಿ ಬೇರೆ ಸಾಲಿಗೆ ಹೋದ.

"ಹಾಗಿದ್ರೆ ಕಾಸ್ಟಿಂಗ್ ರಾಡೇ ಆಗ್ಬೇಕು. ಇದ್ರಲ್ಲಿ ರೀಲು ಮೇಲ್ಗಡೆ ಕೂತಿರುತ್ತೆ. ದಾರ ಬಿಡೋದು, ಹಿಡಿಯೋದು ಎಲ್ಲ ಒಂದು ಹೆಬ್ಬೆರಳಿನ ಕೆಲಸ. ಆದ್ರೆ ಇಷ್ಟು ಹಗುರದ್ದನ್ನ ಇವು ಕ್ಯಾರೇ ಅನ್ನಲ್ಲಕ್ಕ. ಆರಿಸ್ಬೇಕು."

ಹಗುರ ಎಂದ ಕೂಡಲೇ ಅವಳ ಕೈ ಎಲ್ಲಕ್ಕಿಂತ ತೆಳ್ಳಗಿನ ರಾಡಿನ ಕಡೆ ಹೋಯಿತು. ಸೂಜಿ ಆರಿಸಿ ಆರಿಸಿ ಬಂದ ಅಭ್ಯಾಸ, ನವಿರು ಬಟ್ಟೆಗೆ ಸಣ್ಣ ಸೂಜಿ. ಇಬ್ಬರೂ ಹಿತ್ತಲಿಗೆ ಹೋದರು. ಅವಳು ಒಂಟಿ ಕೈಯಲ್ಲಿ ಬೀಸಿದಳು. ಹುಳ ಅವಳ ಕಾಲ ಬುಡದಲ್ಲಿ ಬಿತ್ತು. ಕೆರೆಯ ದಂಡೆಯ ಆ ಬೆಳಗ್ಗೆ ಕಣ್ಣಮುಂದೆ ಬಂತು.

"ತೆಳ್ಳಗಿದೆ, ಆದ್ರೆ ಬಿರುಸು" ಎಂದ ಅಂಗಡಿಯಾತ. "ಹುಳದ ಭಾರಕ್ಕೆ ರಾಡು ಬಾಗ್ಬೇಕು. ಬಾಗಿದ್ದು ನೆಟ್ಟಗಾಗ್ತಾ ಹುಳಾನ ಎಸೆಯುತ್ತೆ. ಬಾಗದೆ ಇದ್ರೆ ಎಸೆಯೋದೇನನ್ನ? ತುದಿಗೆ ಇದೇ ಹುಳ ತೂಗುಹಾಕಿ ಅಲ್ಲಾಡಿಸಿ ನೋಡಿ."

ಅವಳು ಒಂದೊಂದನ್ನೇ ನೋಡಿದಳು. ಕೆಲವು ರಾಡುಗಳು ಹುಳ ಇದೆಯೆಂಬುದನ್ನೇ ಅರಿಯದೆ ನೆಟ್ಟಗೆ ನಿಂತವು. ಒಂದು ರಾಡು ಚೂರು ಬಾಗಿತು, ಆದರೆ ಎಸೆದಾಗ ರೀಲಿನೊಳಗೆ ದಾರವೆಲ್ಲ ಉಬ್ಬಿ ಸಿಕ್ಕುಗಟ್ಟಿತು.

"ಅಯ್ಯೋ, ಬಾಬಿನ್ ಸಡಿಲ ಆಗಿದೆ!" ಎಂದಳು ಟೈಲರಮ್ಮ. ಅಂಗಡಿಯಾತ ರೀಲಿನ ಪಕ್ಕದ ಪುಟ್ಟ ತಿರುಪನ್ನು ತೋರಿಸಿದ. ಅವಳಿಗೆ ನಗು ಬಂತು. ಹೊಲಿಗೆ ಯಂತ್ರದ ಬಾಬಿನ್ನಿಗೂ ಇಂಥದೇ ತಿರುಪು, ಎಷ್ಟು ಬಿಗಿದರೆ ದಾರ ಹದವಾಗಿ ಬರುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತು.

ಕೊನೆಗೆ ಸಿಕ್ಕಿದ್ದು ಒಂದು ಮೋಟು ರಾಡು. ನೋಡಲು ಆಟಿಕೆ. ತುದಿಗೆ ಹುಳ ಕಟ್ಟಿ ಅಲ್ಲಾಡಿಸಿದರೆ ತುದಿಯಿಂದ ಹಿಡಿಕೆಯವರೆಗೂ ಮೆಲ್ಲಗೆ ಬಾಗಿ ತೊನೆಯಿತು.

"ಜಾಡಿಸ್ಬೇಡಿ. ತೂಗಿ ಬಿಟ್ಬಿಡಿ" ಎಂದ ಅಂಗಡಿಯಾತ.

ಅವಳು ತೂಗಿ ಬಿಟ್ಟಳು. ಹುಳ ಹಿತ್ತಲನ್ನು ದಾಟಿ ಗೋಡೆಯ ಬುಡದವರೆಗೆ ಹೋಯಿತು. ಗೋಡೆಯ ಮೇಲೆ ಮಲಗಿದ್ದ ಬೆಕ್ಕು ಅದನ್ನು ನಿಜವಾದ ಹುಳವೆಂದೇ ತಿಳಿದು ಚಂಗನೆ ಹಾರಿತು. ಟೈಲರಮ್ಮ ಗಾಬರಿಯಿಂದ ದಾರ ಎಳೆದುಕೊಂಡಳು.

"ಬೆಕ್ಕೇ ಒಪ್ಪಿದ್ಮೇಲೆ ಮೀನಿಂದೇನು ಬಿಡಿ" ಎಂದು ನಗುತ್ತ ಅಂಗಡಿಯಾತ ಎರಡು ರೀಲು ತಂದ. "ಈಗ ಒಂದು ವಿಷಯ ಅಕ್ಕ. ಸುತ್ತೋ ಹಿಡಿ ಬಲಕ್ಕೆ ಬೇಕಾ, ಎಡಕ್ಕಾ? ಬಲಕ್ಕಿದ್ರೆ ರಾಡನ್ನ ತೊಡೆ ಸಂದಿಗೆ ಸಿಕ್ಕಿಸ್ಕೊಂಡು, ಅದೇ ಬಲಗೈಲಿ ಸುತ್ಕೋಬಹುದು. ಕಷ್ಟ, ಆದ್ರೆ ಆಗುತ್ತೆ. ಎಡಕ್ಕಿದ್ರೆ ಅವ್ರಿಗೆ ಸುತ್ತೋಕಾಗಲ್ಲ. ಪಕ್ಕದಲ್ಲಿ ಇನ್ನೊಬ್ರು ಇರ್ಬೇಕು."

ಟೈಲರಮ್ಮ ಎರಡನ್ನೂ ನೋಡುತ್ತ ನಿಂತಳು. ಬಲಕ್ಕಿರುವುದನ್ನು ಒಯ್ದರೆ ಅವನು ಹಲ್ಲುಕಚ್ಚಿ ಒಬ್ಬನೇ ಹೆಣಗುತ್ತಾನೆ, ತಾನು ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಲ್ಲಬೇಕು. ಎಡಕ್ಕಿರುವುದನ್ನು ಒಯ್ದರೆ ಅವನು ರಾಡನ್ನೇ ಮೂಲೆಗೆ ಎಸೆದರೂ ಎಸೆದ. ಇಷ್ಟು ವರ್ಷ ಅವನ ಮನಸ್ಸು ನೋಡಿಕೊಂಡು ನಡೆದವಳು ಅವತ್ತು ತನ್ನ ಮನಸ್ಸು ನೋಡಿಕೊಂಡಳು.

"ಎಡಕ್ಕಿರೋದೇ ಕೊಡಪ್ಪ" ಎಂದಳು.

ಹಗುರಣ್ಣ ಕಿಟಕಿಯ ಬಳಿಯೇ ಇದ್ದ. ಅವಳು ರಾಡನ್ನು ಅವನ ತೊಡೆಯ ಮೇಲಿಟ್ಟಳು. ಅವನು ಹುಬ್ಬು ಗಂಟಿಕ್ಕಿಕೊಂಡೇ ಅದನ್ನೆತ್ತಿ ಅಲ್ಲಾಡಿಸಿದ. ರಾಡು ಬಳುಕಿತು. ಹುಬ್ಬಿನ ಗಂಟು ಚೂರು ಸಡಿಲವಾಯಿತು. ಆಮೇಲೆ ಬೆರಳು ರೀಲಿನ ಮೇಲೆ ಹೋಯಿತು.

"ಹಿಡಿ ಎಡಕ್ಕಿದೆ."

"ಇದೊಂದೇ ಇತ್ತು ಕಣ್ರೀ."

ಜೀವಮಾನವಿಡೀ ಕುರ್ಚಿಯಲ್ಲಿ ಕೂತವರ ಬಡಾಯಿ ಕೇಳಿದವನು ಅವನು, ಸುಳ್ಳು ಯಾವುದೆಂದು ಗೊತ್ತಾಗದೆ ಇದ್ದೀತೇ? ರಾಡನ್ನು ಗೋಡೆಗೆ ಒರಗಿಸಿ ಮುಖ ತಿರುಗಿಸಿದ. ಅದು ಅಲ್ಲೇ ನಿಂತಿತು. ಟೈಲರಮ್ಮ ಕಸ ಗುಡಿಸುವಾಗ ಅದನ್ನು ಎತ್ತಿ ಅಲ್ಲೇ ಇಡುವಳು. ತಾನೇ ಎಲ್ಲ ಹಾಳು ಮಾಡಿಬಿಟ್ಟೆನೇನೋ ಎಂದು ಒಳಗೊಳಗೇ ಬೇಯುವಳು. ಕೊನೆಗೊಂದು ಬೆಳಗ್ಗೆ ಅವನು ಒಂದು ಗುಂಡಿ ಬಿಟ್ಟು ಉಳಿದವನ್ನೆಲ್ಲ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಒಂದೇ ಒಂದು ಸಲ. ಮತ್ತೆ ಕಾಲ ಬುಡದಲ್ಲಿ ಬಿದ್ರೆ ಇದನ್ನ ಮುರಿದು ಒಲೆಗೆ ಹಾಕು" ಎಂದ.

ಕೆರೆ ತಣ್ಣಗಿತ್ತು. ಪಾಪ ಎಂದಿದ್ದ ಮುದುಕನೂ ಇದ್ದ, ಅವನಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲವೇನೋ. ಹಗುರಣ್ಣ ರೀಲಿನ ಮೇಲೆ ಹೆಬ್ಬೆರಳಿಟ್ಟ. ಕ್ಷೌರ ಮಾಡುವಾಗ ಗಲ್ಲದ ಚರ್ಮ ಬಿಗಿಹಿಡಿಯುತ್ತಿದ್ದನಲ್ಲ, ಅಷ್ಟೇ ಹಗುರವಾಗಿ. ಜಾಡಿಸಬಾರದೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ. ಹಿಂದಕ್ಕೆ ತೂಗಿ ಮುಂದಕ್ಕೆ ಬಿಟ್ಟ.

ಹುಳ ಬಿದ್ದ ಸದ್ದೇ ಆಗಲಿಲ್ಲ. ಅವನು ಮೊದಲು ನೋಡಿದ್ದು ತನ್ನ ಕಾಲ ಬುಡವನ್ನು. ಅಲ್ಲಿ ಏನೂ ಇರಲಿಲ್ಲ.

"ಎಲ್ಲಿ ಬಿತ್ತೇ?" ಎಂದು ಕೇಳಿದ.

"ಅಗೋ, ಅಲ್ನೋಡಿ" ಎಂದಳು ಟೈಲರಮ್ಮ. ಜೊಂಡಿನ ಆಚೆ, ದೂರದಲ್ಲಿ, ನೀರಿನ ಮೇಲೆ ಒಂದು ಸಣ್ಣ ಉಂಗುರ ಎದ್ದಿತ್ತು. ಅದು ದೊಡ್ಡದಾಗುತ್ತ ಆಗುತ್ತ ಅಳಿಸಿಹೋಗುವವರೆಗೂ ಅವನು ನೋಡಿದ.

ಹುಳ ಹೋಗಿದ್ದಾಯಿತು, ವಾಪಸು ಬರಬೇಕಲ್ಲ. ರೀಲಿನ ಹಿಡಿ ಎಡಕ್ಕಿತ್ತು, ಎಡಗೈ ಜೋತುಬಿದ್ದಿತ್ತು. ಟೈಲರಮ್ಮ ದಿನಾ ಬೆಳಗ್ಗೆ ನಿಲ್ಲುವಂತೆಯೇ ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದಳು.

"ಅಷ್ಟು ದೂರ ನಿಂತ್ರೆ ಸುತ್ತೋರು ಯಾರು?" ಎಂದ ಅವನು, ನೀರನ್ನೇ ನೋಡುತ್ತ. "ಇದೊಂದೇ ಇತ್ತು ಅಂತ ಸುಳ್ಳು ಹೇಳಿ ತಂದವಳು ನೀನೇ ತಾನೇ? ಬಾ."

ಅವಳು ಬಂದು ಅವನ ಎಡಕ್ಕೆ ನಿಂತಳು. ಜೋತುಬಿದ್ದ ಆ ಕೈ ಅವಳ ತೋಳಿಗೆ ತಗುಲಿತು, ಅವನು ದೂರ ಸರಿಯಲಿಲ್ಲ. ಅವಳು ಹಿಡಿ ತಿರುಗಿಸತೊಡಗಿದಳು.

"ಲೇ, ಮಷೀನಲ್ಲ ಅದು! ಮೆಲ್ಲಗೆ. ಹುಳ ಚೂರು ಈಜಾಡೋದು ಬೇಡ್ವಾ?"

"ನಂಗೇನು ಗೊತ್ತು ನಿಮ್ಮ ಹುಳದ ಈಜು?" ಎಂದಳು. ಕಣ್ಣು ತುಂಬಿ ದಾರವೇ ಕಾಣುತ್ತಿರಲಿಲ್ಲ. ಅವನು ಎಸೆದ, ಅವಳು ಸುತ್ತಿದಳು, ಮತ್ತೆ ಎಸೆದ. ಒಂದೂ ಮೀನು ಬರಲಿಲ್ಲ. ಬಂದಿದ್ದರೂ ಬಿಡುತ್ತಿದ್ದನಲ್ಲ, ಲೆಕ್ಕ ಒಂದೇ.

ಬಿಸಿಲೇರುವ ಮೊದಲು ನೀರಿನ ಕಡೆಯಿಂದ ಗಾಳಿ ಎದ್ದಿತು. ಹಗುರಣ್ಣ ರಾಡು ಹಿಡಿದಂತೆಯೇ ಗಲ್ಲವನ್ನು ಚೂರು ಮೇಲಕ್ಕೆತ್ತಿದ, ಅವನ ಕುರ್ಚಿಯಲ್ಲಿ ಕೂತವರು ಎತ್ತುತ್ತಿದ್ದಂತೆ.

"ಚಳಿ ಆಗ್ತಿದೆ" ಎಂದ. "ಈ ಮೇಲಿನ ಗುಂಡಿ ಒಂದು ಹಾಕ್ಬಿಡು."

ಎಷ್ಟು ಅಂಗಿಗಳಿಗೆ ಕಾಜ ಹೊಲಿದ ಬೆರಳುಗಳೋ, ಅವತ್ತು ಅವಕ್ಕೆ ಒಂದು ಕಾಜ ಸಿಗದೆ ತಡಕಾಡಿದವು.

"ನಿಧಾನವಾಗಿ ಹಾಕು" ಎಂದ ಹಗುರಣ್ಣ. "ನನಗೇನೂ ಆತುರ ಇಲ್ಲ."