ಕಾಮಠಿಯಾಚೆಯ ಶಿಂಗಾಡಾ ಕೆರೆ

ಸಿಕಂದರಾಬಾದಿನಲ್ಲಿ ರೈಲು ಬದಲಿಸಿ, ರಾತ್ರಿಯೆಲ್ಲ ಮೇಲಿನ ಬರ್ತಿನಲ್ಲಿ ಮುದುಡಿ ಮಲಗಿ, ಬೆಳಿಗ್ಗೆ ನಾಗಪುರದಲ್ಲಿ ಇಳಿದಾಗ ನನಗೆ ಬೇಕಾಗಿದ್ದುದು ಬಿಸಿ ಚಹಾ ಒಂದೇ. ರಾಯಚೂರಿನ ನಮ್ಮ ಮನೆಯಲ್ಲಿ ಇನ್ನೂ ಫ್ಯಾನು ತಿರುಗುತ್ತಿತ್ತು. ಇಲ್ಲಿ ದೀಪಾವಳಿ ಕಳೆದು ಕೆಲವೇ ದಿನಗಳಾಗಿದ್ದರೂ ಪ್ಲಾಟ್‌ಫಾರಂ ಮೇಲೆ ಜನ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಅಕ್ಕನ ಗಂಡ ಬಸವರಾಜ ಭಾವ ಹೊರಗೆ ಕಾಯುತ್ತಿದ್ದರು. ಲಿಂಗಸುಗೂರಿನ ಕಡೆಯವರು, ರೈಲ್ವೆ ನೌಕರಿಯನ್ನೆಲ್ಲ ನಾಗಪುರದಲ್ಲೇ ಮುಗಿಸಿ, ನಿವೃತ್ತಿಯ ನಂತರ ಕಾಮಠಿಯ ಅಂಚಿನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿಕೊಂಡವರು.

"ಮೊದಲ ತರ್ರಿ ಪೋಹಾ ತಿನ್ನು. ಆಮ್ಯಾಲ ಜಲ್ದಿ ಹೋಗೂಣು. ನಿಮ್ಮಕ್ಕ ದಾರಿ ನೋಡ್ಲಿಕ್ಕತ್ಯಾಳ" ಎಂದರು. ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಖಾರದ ರಸ ಸುರಿದು ಕೊಟ್ಟರು. ಕಣ್ಣಲ್ಲಿ ನೀರು ಬಂತು, ನಿದ್ದೆ ಹಾರಿಹೋಯಿತು. ಆಟೋದವನು ಕಾಮಠಿಗೆ ಮುನ್ನೂರೈವತ್ತು ಕೇಳಿದ. ಭಾವ ಮರಾಠಿಯಲ್ಲಿ ಅವನ ಊರು, ಅವನ ಮಾವನ ಊರು ಎಲ್ಲ ವಿಚಾರಿಸಿ ಮುನ್ನೂರಕ್ಕೆ ಒಪ್ಪಿಸಿದರು. ಕಳಮನಾ ಮಾರುಕಟ್ಟೆಯ ಕಡೆಗೆ ಕಿತ್ತಳೆ ತುಂಬಿದ ಟೆಂಪೋಗಳು ಒಂದರ ಹಿಂದೊಂದು ಹೋಗುತ್ತಿದ್ದವು.

ನಾನು ಬಂದದ್ದು ಅಕ್ಕನನ್ನು ನೋಡಲು, ಜೊತೆಗೆ ಒಂದು ಗಿಡವನ್ನು ನೋಡಲು. ನಾನು ರಾಯಚೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಪ್ರತಿ ಶಿವರಾತ್ರಿಗೆ ಅಕ್ಕ ಶಾರದಾ ಶಿಂಗಾಡಾ ಹಿಟ್ಟು ಕಳಿಸುತ್ತಾಳೆ, ನಾವು ಉಪವಾಸಕ್ಕೆ ಅದರ ರೊಟ್ಟಿ ಬಡಿಯುತ್ತೇವೆ. ಕೆರೆಯ ನೀರಿನ ಮೇಲೆ ಎಲೆ ಹರಡಿ, ಕೆಳಗೆ ಎರಡು ಕೊಂಬಿನ ಕಾಯಿ ಬಿಡುವ ಬಳ್ಳಿ ಅದು. ಎಲೆಯ ತೊಟ್ಟಿನಲ್ಲಿ ಗಾಳಿ ತುಂಬಿದ ಉಬ್ಬು ಇರುವುದರಿಂದ ತೇಲುತ್ತದೆ. ಇಷ್ಟನ್ನು ವರ್ಷಗಟ್ಟಲೆ ಪಾಠದ ಚಿತ್ರ ತೋರಿಸಿ ಹೇಳಿದ್ದೆನೇ ಹೊರತು ಕೆರೆಯಲ್ಲಿ ಕಂಡಿರಲಿಲ್ಲ. ಅಕ್ಕನಿಗೆ ಹಿಟ್ಟು ಕೊಡುವ ಕಾಶೀಬಾಯಿಯ ಕೆರೆಯಲ್ಲಿ ಈಗ ಕೊಯ್ಲು ನಡೆದಿದೆ ಎಂದು ತಿಳಿದೇ ರಜೆ ಹಾಕಿದ್ದೆ.

ಮೊದಲ ದಿನ ಊಟ, ಮಾತು, ನಿದ್ದೆಯಲ್ಲೇ ಕಳೆಯಿತು. ಸಂಜೆ ಭಾವ ಬಡಾವಣೆಯ ಹಿಂದಿನ ಕೊಳ ತೋರಿಸಲು ಕರೆದೊಯ್ದರು. ಸುತ್ತ ನಡೆಯಲು ಹೊಸ ಹಾದಿ, ಕೂರಲು ಸಿಮೆಂಟಿನ ಬೆಂಚುಗಳು.

"ನೀ ಮಳಿಗಾಲದಾಗ ಬಂದಿದ್ರ ನೀರ ಕಾಣ್ತಿದ್ದಿಲ್ಲ, ನೀಲಾ. ಬರೇ ಜಲಪರ್ಣಿ. ಕೆಳಗ ಸೊಳ್ಳಿ. ನಮ್ಮ ಓಣ್ಯಾಗ ಇಬ್ಬರು ಡೆಂಗ್ಯೂ ಆಗಿ ದವಾಖಾನಿ ಸೇರಿದ್ರು."

ಜಲಪರ್ಣಿ ಎಂದರೆ ನಾವು ಅಂತರಗಂಗೆ ಎನ್ನುವ, ನೇರಳೆ ಹೂವಿನ ಕಳೆ. ಆಳು ಹಚ್ಚಿ ಕೀಳಿಸಿದರು, ಮತ್ತೆ ಬಂತು. ಮತ್ತೆ ಕೀಳಿಸಿದರು, ಮತ್ತೆ ಬಂತು. ಕೊನೆಗೆ ಬಡಾವಣೆಯ ಕಮಿಟಿಯಲ್ಲಿ ಭಾವನೇ ಮುಂದೆ ನಿಂತು, ಪಂಪಿನವರನ್ನು ಕರೆಸಿ ಎಣ್ಣೆ ಹೊಡೆಸಿದ್ದರು. ನಮ್ಮ ಕಡೆ ಕೀಟನಾಶಕಕ್ಕೂ ಕಳೆನಾಶಕಕ್ಕೂ ಎಣ್ಣೆ ಎಂದೇ ಹೆಸರು.

"ನೋಡ್ತಾ ನೋಡ್ತಾ ಎಲ್ಲಾ ಕೆಂಪಾಗಿ ತಳಕ್ಕ ಕುಂತ್ತು. ಅಷ್ಟರಾಗ ದೀಪಾವಳಿ ಮಳಿ ಬಂತು, ಕೊಳ ತುಂಬಿ ಹರೀತು. ಹೊಲಸೆಲ್ಲ ಕೊಚ್ಚಿಕೊಂಡು ಹೋತು. ಛಲೋನ ಆತು."

ನೀರು ಕಪ್ಪಗಿತ್ತು, ಕೊಳೆತ ಸೊಪ್ಪಿನ ವಾಸನೆ ಇತ್ತು. ಆದರೂ ಆ ಸಂಜೆ ಹೆಂಗಸರು ಮಕ್ಕಳು ನಡೆದಾಡುತ್ತಿದ್ದರು; ಇಬ್ಬರು ಹಿರಿಯರು ಭಾವನನ್ನು ನಿಲ್ಲಿಸಿ ಕೈ ಕುಲುಕಿದರು. ಭಾವನ ಮುಖದಲ್ಲಿದ್ದ ಸಂತೋಷ ಕಂಡು ನನಗೂ ಸಂತೋಷವಾಯಿತು.

ಮರುದಿನ ಬೆಳಿಗ್ಗೆ ಭಾವನ ಹಳೆಯ ಸ್ಕೂಟರಿನ ಮೇಲೆ ಹೊರಟೆವು. ರಸ್ತೆ ಕಾಮಠಿಯ ಬಜಾರಿನೊಳಗೆ ಹಾದು, ಮಿಲಿಟರಿ ದಂಡಿನ ಉದ್ದನೆಯ ಗೋಡೆ ಬಳಸಿ, ಹತ್ತಿ ಮತ್ತು ತೊಗರಿ ಹೊಲಗಳ ನಡುವೆ ಸುತ್ತಿ ಸುತ್ತಿ ಹೋಗುತ್ತದೆ. ಬಿಸಿಲು ಹಿತವಾಗಿತ್ತು. ದಾರಿಯಲ್ಲಿ ಭಾವ ಕಾಶೀಬಾಯಿಯ ಬಗ್ಗೆ ಹೇಳಿದರು: ಕೆರೆಯನ್ನು ಪಂಚಾಯ್ತಿಯಿಂದ ಗುತ್ತಿಗೆ ಹಿಡಿದು ಶಿಂಗಾಡಾ ಬೆಳೆಯುವ ಮನೆತನ, ಗಂಡ ಗುಲಾಬರಾವ್, ಮಗ ಪುಣೆಯಲ್ಲಿ ಡ್ರೈವರ್, ಸೊಸೆ ಸಂಗೀತಾ ಈಗ ಬಸುರಿ. ಬಡಾವಣೆಗೆ ಕಾಯಿ ಮಾರಲು ಬರುತ್ತಿದ್ದವಳು ಅಕ್ಕನಿಗೆ ಗೆಳತಿಯಾಗಿ, ಅಡುಗೆಮನೆಯವರೆಗೂ ಬಂದು ಕೂರುವಷ್ಟು ಬಳಕೆಯಾಗಿದ್ದಳು.

ಕೆರೆಯ ಏರಿ ಹತ್ತಿ ನಾನು ನಿಂತುಬಿಟ್ಟೆ. ಹಸಿರು ಎಲೆಗಳು ಚಾಪೆಯ ಹಾಗೆ ಹಾಸಿಕೊಂಡಿರುತ್ತವೆ ಎಂದು ಅಕ್ಕ ಹೇಳಿದ್ದಳು. ನಾನು ಕಂಡ ಕೆರೆ ಕಂದು ಬಣ್ಣದ್ದು, ಬೆಂಕಿ ಬಿದ್ದು ಆರಿದ ಹೊಲದಂತೆ. ದೂರದ ಒಂದು ಮೂಲೆಯಲ್ಲಿ ಮಾತ್ರ ಹಸಿರು ಉಳಿದಿತ್ತು. ದಡದ ತಾವರೆ ಎಲೆಗಳು ಮಡಚಿ ನೀರಿಗೆ ಬಾಗಿದ್ದವು. ಬೆರಳುದ್ದದ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಲಾರಿಯ ಟ್ಯೂಬುಗಳಿಗೆ ಹಲಗೆ ಕಟ್ಟಿದ ತೆಪ್ಪದ ಮೇಲೆ ಕುಳಿತು ಕಾಯಿ ಕೀಳುತ್ತಿದ್ದ ಕಾಶೀಬಾಯಿ ನಮ್ಮನ್ನು ಕಂಡು ದಡಕ್ಕೆ ಬಂದಳು. ಮೊಣಕೈವರೆಗೆ ಕೆಸರು. ಅಷ್ಟಾದರೂ ನಕ್ಕು, ಮರಾಠಿಯಲ್ಲಿ "ಯಾ ತಾಈ, ಬಸಾ" ಎಂದಳು; ಬನ್ನಿ ಅಕ್ಕ, ಕೂಡ್ರಿ ಎಂದು. ಕಾಯಿಯ ಸಿಪ್ಪೆ ಸುಲಿದು ಬೆಳ್ಳನೆಯ ತಿರುಳನ್ನು ನನ್ನ ಅಂಗೈಗೆ ಹಾಕಿದಳು. ಎಳನೀರ ಗಂಜಿಗೂ ಹಸಿ ಶೇಂಗಾಕ್ಕೂ ನಡುವಿನ ರುಚಿ. ನಾನೂ ಭಾವನೂ ಒಂದಾದ ಮೇಲೊಂದು ತಿಂದೆವು. ಪಕ್ಕದಲ್ಲಿ ಸಂಗೀತಾ ಕಾಲು ಚಾಚಿ ಕುಳಿತು, ಮೂಟೆಗೆ ತುಂಬುವ ಕಾಯಿಗಳನ್ನು ಆರಿಸುತ್ತ, ನಡುನಡುವೆ ತಾನೂ ತಿನ್ನುತ್ತಿದ್ದಳು.

"ಈ ಸಲ ರೋಗ ಬಿದ್ದದ, ಸಾಹೇಬ" ಎಂದಳು ಕಾಶೀಬಾಯಿ. ನನಗೆ ಅಷ್ಟಿಷ್ಟು ಮರಾಠಿ ತಿಳಿಯುತ್ತದೆ. ತಿಳಿಯದ್ದನ್ನು ಭಾವ ಹೇಳುತ್ತಿದ್ದರು. "ಹುಳ ಇರಬೇಕು. ಮಳಿ ಆದ ಮ್ಯಾಲ ಶುರು ಆತು. ಪೂರಾ ಸಾಯೂದರಾಗ ಇದ್ದಷ್ಟು ಕಿತ್ತು ಇವತ್ತ ಕಳಮನಾಕ್ಕ ಕಳಿಸ್ತೀವಿ."

ನಾನು ಒಂದು ಬಳ್ಳಿಯನ್ನು ಕೈಗೆತ್ತಿಕೊಂಡೆ. ಎಲೆಯಲ್ಲಿ ಹುಳ ಕೊರೆದ ತೂತುಗಳಿರಲಿಲ್ಲ. ತೊಟ್ಟುಗಳು ಮಾತ್ರ ತಿರುಪಿನಂತೆ ತಿರುಚಿಕೊಂಡಿದ್ದವು. ಗಾಳಿ ತುಂಬಿದ ಉಬ್ಬುಗಳು ಊದಿ ಸೀಳಿದ್ದವು. ಈ ತಿರುಚು ನಾನು ಕಂಡದ್ದೇ. ನಮ್ಮ ಕಡೆ ಜೋಳದ ಹೊಲಕ್ಕೆ ಹೊಡೆದ ಕಳೆ ಎಣ್ಣೆ ಗಾಳಿಗೆ ಹಾರಿ ಪಕ್ಕದ ಹತ್ತಿಯ ಮೇಲೆ ಬಿದ್ದರೆ ಹತ್ತಿ ಎಲೆ ಹೀಗೆಯೇ ಸೊಟ್ಟಗಾಗುತ್ತದೆ. ಜೋಳಕ್ಕೆ ಏನೂ ಆಗುವುದಿಲ್ಲ, ಅದು ಹುಲ್ಲಿನ ಜಾತಿ. ತಲೆ ಎತ್ತಿ ನೋಡಿದೆ. ಸತ್ತ ತಾವರೆಗಳ ನಡುವೆ ಆಪಿನ ಹುಲ್ಲು, ಜೇಕಿನ ಹುಲ್ಲು ಎರಡೂ ಹಸಿರಾಗಿ ನಿಂತಿದ್ದವು. ಬಾಯಲ್ಲಿದ್ದ ತಿರುಳನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

"ಭಾವ, ಇದು ರೋಗ ಅಲ್ಲ" ಎಂದು ಕನ್ನಡದಲ್ಲಿ ಹೇಳಿದೆ. "ಕಳಿ ಎಣ್ಣಿ ಬಿದ್ದದ."

"ಇಲ್ಲಿ ಯಾರು ಹೊಡೀತಾರ? ಇವರ ಬೆಳಿಗೆ ಇವರ ಹೊಡಕೊಂತಾರೇನು?"

"ನೀರಿನಾಗ ಬಂದದ. ಈ ಕೆರಿಗೆ ನೀರು ಎಲ್ಲಿಂದ ಬರ್ತದ, ಕೇಳ್ರಿ."

ಭಾವ ಕೇಳಿದರು. ಕಾಶೀಬಾಯಿ ಕೈ ಚಾಚಿ, ತೊಗರಿ ಹೊಲಗಳ ನಡುವೆ ನೇರವಾಗಿ ಬರುವ ಹಳ್ಳ ತೋರಿಸಿದಳು. ಭಾವ ಆ ಹಳ್ಳದುದ್ದಕ್ಕೂ ನೋಡುತ್ತ ಹೋದರು, ನಾನೂ ನೋಡಿದೆ. ಅದರ ಕೊನೆಯಲ್ಲಿ, ಜಾಲಿ ಮರಗಳ ಮೇಲೆ, ಅವರ ಬಡಾವಣೆಯ ನೀಲಿ ಬಣ್ಣದ ನೀರಿನ ಟಾಕಿ ನಿಂತಿತ್ತು. ರಸ್ತೆ ಸುತ್ತಿ ಬಂದದ್ದರಿಂದ ದೂರವೆನಿಸಿದ್ದ ಜಾಗ ಹಳ್ಳದ ದಾರಿಯಲ್ಲಿ ಕೂಗಳತೆಯಲ್ಲಿತ್ತು. ಇಷ್ಟು ವರ್ಷ ಬಂದುಹೋಗಿದ್ದ ಭಾವ ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ.

ಅವರು ಮೆಲ್ಲಗೆ ಏರಿಯ ಮೇಲೆ ಕುಳಿತರು.

"ತಾಈ ಏನಂತಾರ?" ಎಂದು ಕಾಶೀಬಾಯಿ ಕೇಳಿದಳು.

ಭಾವ ನನ್ನ ಕಡೆ ನೋಡಿದರು. ಆಮೇಲೆ ಮರಾಠಿಯಲ್ಲಿ, "ಇನ್ನೂ ನೋಡಬೇಕು ಅಂತಾಳ" ಎಂದರು. ಅಷ್ಟು ಮರಾಠಿ ನನಗೆ ತಿಳಿಯುತ್ತಿತ್ತು. ನನ್ನ ಹರಕು ಹಿಂದಿಯಲ್ಲಿ ನಾನೇ ಹೇಳಬಹುದಿತ್ತು, ಹೇಳಲಿಲ್ಲ. ಅಕ್ಕನ ಮನೆಯ ಅನ್ನ ತಿಂದು, ಅಕ್ಕನ ಗಂಡನನ್ನು ಹೇಗೆ ತೋರಿಸಿಕೊಡುವುದು? ಹಾಗೆಂದು ಸುಮ್ಮನಿರುವುದು ಹೇಗೆ? ಸಂಗೀತಾ ಇನ್ನೊಂದು ಕಾಯಿ ಸುಲಿಯುತ್ತಿದ್ದಳು. ನಾನು ಬಗ್ಗಿ ಅವಳ ಕೈ ಹಿಡಿದೆ. ಅವಳು ಗಾಬರಿಯಾಗಿ ಅತ್ತೆಯ ಮುಖ ನೋಡಿದಳು.

ಅದೇ ಹೊತ್ತಿಗೆ ಗುಲಾಬರಾವ್ ಟೆಂಪೋ ಕರೆದುಕೊಂಡು ಬಂದ. ಡ್ರೈವರ್ ಇಳಿದು ಮೊದಲ ಮೂಟೆ ಎತ್ತಿದ. ಭಾವ ಎದ್ದು ಹೋಗಿ ಆ ಮೂಟೆಯ ಮೇಲೆ ಕೈ ಇಟ್ಟರು.

"ಗುಲಾಬರಾವ್, ಇದನ್ನ ಬಾಜಾರಕ್ಕ ಒಯ್ಯಬ್ಯಾಡ. ಇದರಾಗ ವಿಷ ಅದ. ನಮ್ಮ ಕೊಳದಿಂದ ಬಂದದ್ದು. ನಾನ ನಿಂತು ಹೊಡಿಸೀನಿ."

ಸಂಗೀತಾ ಬಾಯಲ್ಲಿದ್ದುದನ್ನು ಸೆರಗಿಗೆ ಉಗುಳಿ, ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಗುಲಾಬರಾವ್ ಕೆರೆಯನ್ನೊಮ್ಮೆ, ನೀಲಿ ಟಾಕಿಯನ್ನೊಮ್ಮೆ ನೋಡಿದ. ಕಾಶೀಬಾಯಿ ನನ್ನನ್ನು ಕೇಳಿದಳು: "ಎಷ್ಟು ತಿಂದ್ರ ಏನಾಗ್ತದ, ತಾಈ?"

"ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಎಣ್ಣೆಯ ಹೆಸರು ಭಾವನಿಗೂ ಗೊತ್ತಿರಲಿಲ್ಲ.

ಟೆಂಪೋದಲ್ಲಿ ಮೂಟೆಗಳ ಬದಲು ಸಂಗೀತಾಳನ್ನು ಕೂರಿಸಿಕೊಂಡು ಕಾಮಠಿಯ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಸದ್ಯಕ್ಕೆ ಏನೂ ತೊಂದರೆ ಕಾಣುವುದಿಲ್ಲ, ಮತ್ತೆ ಬಂದು ತೋರಿಸಿ ಎಂದರು. ಹೊರಗಿನ ಬೆಂಚಿನ ಮೇಲೆ ಕಾಶೀಬಾಯಿ ಭಾವನೊಂದಿಗೆ ಮಾತಾಡಿದ್ದು ಒಂದೇ ಸಲ.

"ಹುಳ ಅಂದುಕೊಂಡಿದ್ದಾಗ ದೇವರ ಮ್ಯಾಲ ಸಿಟ್ಟು ಮಾಡಕೊಂಡಿದ್ದೆ. ಈಗ ನೀವು ಎದುರಿಗೇ ಕುಂತೀರಿ. ನಾ ಏನ್ ಮಾಡ್ಲಿ?"

ಆ ಸಂಜೆಯೇ ಅವರು ಕಮಿಟಿಯವರನ್ನು ಕೂಡಿಸಿದರು. ಹಿಂದಿನ ದಿನ ಕೈ ಕುಲುಕಿದ್ದ ಹಿರಿಯರಲ್ಲಿ ಒಬ್ಬರು, "ಊರವರ ಕೆರಿಗೂ ನಮಗೂ ಏನ್ ಸಂಬಂಧ? ಬಾಯಿಬಿಟ್ಟು ಯಾಕ ಹೇಳಿದ್ರಿ?" ಎಂದು ಹಿಂದಿಯಲ್ಲಿ ತರಾಟೆಗೆ ತೆಗೆದುಕೊಂಡರು. ಎಣ್ಣೆ ಹೊಡೆದವನು ಫೋನ್ ಎತ್ತಲಿಲ್ಲ. ನಷ್ಟ ತುಂಬಿಕೊಡುವ ಮಾತು ಬಂದಾಗ ಹೆಚ್ಚಿನವರು ಎದ್ದು ಹೋದರು. ರಾತ್ರಿ ಅಕ್ಕ ತಟ್ಟೆಗೆ ರೊಟ್ಟಿ ಹಾಕಿದಳೇ ಹೊರತು ಗಂಡನ ಮುಖ ನೋಡಲಿಲ್ಲ.

ಮೂರನೆಯ ದಿನ ನಸುಕಿನಲ್ಲಿ ಭಾವ ಇಬ್ಬರು ಆಳುಗಳೊಂದಿಗೆ ಕೊಳದ ಕೋಡಿಗೆ ಮರಳಿನ ಚೀಲ ಒಟ್ಟಿಸಿ, ನೀರು ಹಳ್ಳಕ್ಕೆ ಇಳಿಯದಂತೆ ಕಟ್ಟಿಸಿದರು. ಅಲ್ಲಿಂದ ಅಕ್ಕನನ್ನೂ ಕರೆದುಕೊಂಡು ನಾವು ಕೆರೆಗೆ ಹೋದೆವು. ಹಸಿರು ಉಳಿದಿದ್ದ ಮೂಲೆಗೆ ಬೇರೆ ದಿಕ್ಕಿನ ಸೆಲೆ ಸೇರುತ್ತಿತ್ತು. ಹಳ್ಳದ ನೀರು ಅಲ್ಲಿಗೆ ಇನ್ನೂ ಪೂರ್ತಿ ತಲುಪಿರಲಿಲ್ಲ. ಬರುವ ವರ್ಷ ಬೆಳೆಯಬೇಕಾದರೆ ಬೀಜಕ್ಕಾದರೂ ಬಳ್ಳಿ ಉಳಿಯಬೇಕು, ಈಗಲೇ ಕಿತ್ತು ಬೇರೆ ನೀರಿಗೆ ಒಯ್ಯಿರಿ ಎಂದೆ. ಗುಲಾಬರಾವ್ ಊರಾಚೆಯ ಹಳೆಯ ಕಲ್ಲು ಕ್ವಾರಿಯ ಗುಂಡಿ ತೋರಿಸಿದ. ಅದರಲ್ಲಿ ಮಳೆನೀರು ತಿಳಿಯಾಗಿ ನಿಂತಿತ್ತು.

ಮಧ್ಯಾಹ್ನದವರೆಗೂ ಆ ಕೆಲಸ. ಗುಲಾಬರಾವ್ ತೆಪ್ಪದ ಮೇಲಿನಿಂದ ಬಳ್ಳಿ ಬಿಡಿಸಿದ, ಭಾವ ಎದೆಮಟ್ಟ ನೀರಿಗಿಳಿದು ತಂದು ಕೊಟ್ಟರು, ನಾನೂ ಅಕ್ಕನೂ ಒಂದೊಂದನ್ನೂ ತಿರುವಿ ನೋಡಿ, ತಿರುಚಿದ್ದನ್ನು ಬಿಸಾಡಿ, ನೆಟ್ಟಗಿದ್ದುದನ್ನು ಬುಟ್ಟಿಗೆ ಹಾಕಿದೆವು. ಬಿಸಾಡಿದ್ದೇ ಹೆಚ್ಚು. ಕೆಳಗಿನ ಕೆಸರನ್ನು ಕಲಕಿದಾಗಲೆಲ್ಲ ಕೊಳೆತ ವಾಸನೆ ಗುಳ್ಳೆಗಳಾಗಿ ಮೇಲೆ ಬರುತ್ತಿತ್ತು. ಕಾಶೀಬಾಯಿ ದೂರದಲ್ಲಿ, ಮೂಟೆಗಳಲ್ಲಿದ್ದ ಕಾಯಿಗಳನ್ನು ಒಂದು ತಗ್ಗಿಗೆ ಸುರಿದು ಮಣ್ಣು ಎಳೆಯುತ್ತಿದ್ದಳು. ಅಕ್ಕ ಸಹಾಯಕ್ಕೆ ಹೋದಳು. ಕಾಶೀಬಾಯಿ ಸಲಿಕೆ ಕೊಡಲಿಲ್ಲ. ಅಕ್ಕ ಬಳ್ಳಿಗಳ ಬಳಿಗೆ ವಾಪಸು ಬಂದಳು.

ನಾಲ್ಕನೆಯ ದಿನ ನನ್ನ ರೈಲು. ಸ್ಟೇಷನ್ನಿಗೆ ಬಂದ ಭಾವ ಕಿತ್ತಳೆಯ ಬುಟ್ಟಿಯನ್ನು ಸೀಟಿನ ಕೆಳಗೆ ತಳ್ಳಿ, ಕಿಟಕಿಯ ಸರಳು ಹಿಡಿದು ನಿಂತರು. "ನೀ ಬರದಿದ್ರ ನನಗ ಗೊತ್ತ ಆಗ್ತಿದ್ದಿಲ್ಲ" ಎಂದರು. ಅದು ಉಪಕಾರ ನೆನೆದ ಮಾತೋ, ದೂರಿನ ಮಾತೋ ಅವರ ದನಿಯಿಂದ ತಿಳಿಯಲಿಲ್ಲ. ನಾನು ಅವರ ಕೈ ಮೇಲೆ ಕೈ ಇಟ್ಟೆ. ರೈಲು ಹೊರಟಿತು.

ಬಲ್ಹಾರಶಾ ಸ್ಟೇಷನ್ ದಾಟಿದ ಮೇಲೆ ಅಕ್ಕನ ಫೋನ್ ಬಂತು. ಬೆಳಿಗ್ಗೆ ಗುಲಾಬರಾವ್ ಕ್ವಾರಿಯ ಗುಂಡಿಗೆ ಹೋಗಿ ನೋಡಿ ಬಂದನಂತೆ. ಬಳ್ಳಿಗಳು ಹಸಿರಾಗೇ ಇವೆ, ಎಲೆಗಳು ಅಗಲವಾಗಿ ಬಿಚ್ಚಿಕೊಂಡಿವೆಯಂತೆ.

"ಕಾಶೀಬಾಯಿ?" ಎಂದೆ.

"ಸಂಗೀತಾನ್ನ ಮತ್ತ ದವಾಖಾನಿಗೆ ಕರಕೊಂಡು ಹೋಗೂ ದಿನ ನಾನೂ ಬರ್ತೀನಿ ಅಂದೆ. ಬ್ಯಾಡ ಅಂದಳು. ಇನ್ನ ನಮ್ಮ ಮನಿಗೂ ಬರಂಗಿಲ್ಲಂತ."

ಫೋನ್ ಇಟ್ಟು ಕಿಟಕಿಯ ಹೊರಗೆ ನೋಡಿದೆ. ತೆಲಂಗಾಣದ ಕೆರೆಗಳು ಒಂದೊಂದಾಗಿ ಬರತೊಡಗಿದ್ದವು. ಒಂದರಲ್ಲಿ ಹೆಂಗಸೊಬ್ಬಳು ಸೊಂಟದ ಮಟ್ಟದ ನೀರಿನಲ್ಲಿ ನಿಂತು ತಾವರೆ ಕೀಳುತ್ತಿದ್ದಳು. ನನ್ನ ಕಣ್ಣು ಹೂವಿನ ಮೇಲೆ ನಿಲ್ಲಲಿಲ್ಲ. ಅವಳ ಹಿಂದಿನ ದಿಬ್ಬದ ಮೇಲೆ ಎಲ್ಲಾದರೂ ಹೊಸ ಮನೆಗಳಿವೆಯೇ, ಅಲ್ಲಿಂದ ಹಳ್ಳವೇನಾದರೂ ಇಳಿಯುತ್ತದೆಯೇ ಎಂದು ಹುಡುಕುತ್ತಿತ್ತು. ಕೆರೆ ಹಿಂದೆ ಸರಿದು ಮರೆಯಾಗುವವರೆಗೂ ನಾನು ಕತ್ತು ತಿರುಗಿಸಿ ನೋಡುತ್ತಲೇ ಇದ್ದೆ.